ತಸ್ನೀಮಮ್ಮನ ಬದಲು ನಾನು ಹೇಳಿದ್ದು

ಭಟ್ಕಳ ಪೇಟೆಯ ಮನೆಗಳಿಗೆ ನಾನು ಸೊಪ್ಪು ತರಕಾರಿ ಹೊರತೊಡಗಿ ನಲವತ್ತೆರಡು ವರ್ಷವಾಯಿತು. ನಮ್ಮ ಊರು ಹೆಬಳೆ. ಬೆಳಿಗ್ಗೆ ಹೆಡಿಗೆಯಲ್ಲಿ ಬಸಳೆ, ಹರಿವೆ, ಮೊಗೆಕಾಯಿ ತುಂಬಿ, ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಇಟ್ಟುಕೊಂಡು ಹೊರಟರೆ ಮಧ್ಯಾಹ್ನದೊಳಗೆ ಹೆಡಿಗೆ ಖಾಲಿಯಾಗುತ್ತದೆ. ಹೆಚ್ಚಾಗಿ ಹೋಗುವುದು ನವಾಯತ ಮುಸ್ಲಿಮರ ಓಣಿಗಳಿಗೆ. ಅಲ್ಲಿಯ ಹೆಂಗಸರು ಪೇಟೆಗೆ ಬಂದು ತರಕಾರಿ ಆರಿಸುವುದು ಕಡಿಮೆ, ಹಿಂಬಾಗಿಲಿನಿಂದ ನನ್ನನ್ನೇ ಒಳಗೆ ಕರೆಯುತ್ತಾರೆ. ಹೊರಗಿನ ಗಂಡಸರು ಹೊಸ್ತಿಲು ದಾಟದ ಮನೆಗಳಲ್ಲಿ ನಾನು ಅಡಿಗೆಮನೆಯ ಮಣೆಯ ಮೇಲೆ ಕುಳಿತು ಚಾ ಕುಡಿದಿದ್ದೇನೆ. ಕುಳಿತೂ ಕುಳಿತೂ ಅವರ ನವಾಯತಿ ಮಾತೂ ಬಂತು. ಶಾಲೆಯಲ್ಲಿ ಎರಡನೇ ಇಯತ್ತೆ ಮುಗಿಸಲಿಲ್ಲ, ಈ ಮಾತು ಮಾತ್ರ ಪೂರ್ತಿ ಕಲಿತೆ.

ನಮ್ಮ ಕಸುಬಿಗೆ ಒಂದು ಕಟ್ಟಳೆ ಇದೆ. ನನ್ನ ಅತ್ತೆ ಹೊನ್ನಿ ತನ್ನ ಹೆಡಿಗೆಯನ್ನು ನನ್ನ ತಲೆಗೆ ದಾಟಿಸಿದ ದಿನವೇ ಹೇಳಿಕೊಟ್ಟಳು. ಒಂದು ಮನೆಯ ಒಳಗೆ ಕಂಡದ್ದು, ಕೇಳಿದ್ದು ಇನ್ನೊಂದು ಮನೆಗೆ ಹೋಗಬಾರದು. ಯಾರ ಮನೆಯಲ್ಲಿ ಜಗಳ, ಯಾರ ಸೊಸೆಗೆ ಸೇರಿಲ್ಲ, ಯಾರ ಮಗ ದುಬೈಯಿಂದ ಕೆಲಸ ಬಿಟ್ಟು ಬಂದ, ಎಲ್ಲ ಕಿವಿಗೆ ಬೀಳುತ್ತದೆ. ಬಿದ್ದದ್ದು ಅಲ್ಲೇ ಇರಬೇಕು. ಮಾತು ಹೊತ್ತುಕೊಂಡು ಹೋದವಳಿಗೆ ಮರುದಿನ ಬಾಗಿಲು ತೆರೆಯುವುದಿಲ್ಲ. ತೊಂಬತ್ತಮೂರರ ಹಿಂದೂ-ಮುಸ್ಲಿಂ ಗಲಾಟೆಯ ತಿಂಗಳುಗಳಲ್ಲಿ ನಮ್ಮ ಕಡೆಯವರು, "ಆ ಮನೆಗಳಲ್ಲಿ ಎಂತ ಇಟ್ಕೊಂಡಾರೆ?" ಎಂದು ಕೇಳಿದರು. ಆ ಕಡೆಯವರು, "ನಿಮ್ಮ ಊರಲ್ಲಿ ಎಂತ ಮಾತಾಡ್ತಾರೆ?" ಎಂದು ಕೇಳಿದರು. "ನಂಗೆ ಬಸಳೆ ಕಟ್ಟು ಬಿಟ್ರೆ ಎಂತದೂ ಕಾಣೂದಿಲ್ಲ" ಎಂದು ಇಬ್ಬರಿಗೂ ಹೇಳಿದೆ. ಗಲಾಟೆ ನಿಂತ ಮೇಲೆ ಆ ಓಣಿಗಳೊಳಗೆ ಮೊದಲು ಹೋದ ಹೆಡಿಗೆ ನನ್ನದು.

ಆ ಕಟ್ಟಳೆಯನ್ನು ಮುರಿಯದೆ ಇದ್ದುದರಿಂದ ತಸ್ನೀಮಮ್ಮನಿಗೆ ನಾನು ಮಾಡಿದ ಕೆಡುಕನ್ನು ಇಲ್ಲಿ ಹೇಳಬೇಕು.

ತಸ್ನೀಮಮ್ಮ ಕರಾಚಿಯಲ್ಲಿ ಹುಟ್ಟಿದವಳು. ಅವಳ ಅಜ್ಜ ಇದೇ ಭಟ್ಕಳದವನು, ದೇಶ ಒಡೆಯುವ ಮೊದಲೇ ವ್ಯಾಪಾರಕ್ಕೆಂದು ಹೋಗಿ ಅಲ್ಲೇ ಉಳಿದವನು. ಇಪ್ಪತ್ತಾರು ವರ್ಷದ ಹಿಂದೆ ಅವಳನ್ನು ನೆಂಟರಲ್ಲೇ ಇಲ್ಲಿಗೆ ಮದುವೆ ಮಾಡಿ ತಂದರು. ಗಂಡ ಜಕ್ರಿಯಾ ಸಾಹೇಬರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಮೆದು ಮನುಷ್ಯ. ಬಂದ ಮೇಲೆ ಅವಳಿಗೆ ಈ ದೇಶದ ಕಾಗದ ಪೂರ್ತಿ ಸಿಗಲೇ ಇಲ್ಲ. ಇರಲಿಕ್ಕೆ ಅಪ್ಪಣೆ ಕೊಡುತ್ತಾರೆ, ಅದು ಮುಗಿಯುತ್ತದೆ, ಮತ್ತೆ ಕೇಳಬೇಕು. ಪೇಟೆಯ ಎಲ್ಲೆ ದಾಟಬೇಕಾದರೆ ಅದಕ್ಕೆ ಬೇರೆ ಅಪ್ಪಣೆ. ಉತ್ತರಕ್ಕೆ ವೆಂಕಟಾಪುರ ಹೊಳೆಯ ಸೇತುವೆ, ಅಲ್ಲಿಗೆ ಅವಳ ಊರು ಮುಗಿಯಿತು. ನಮ್ಮ ಹೆಬಳೆಗೆ ಆಟೋದಲ್ಲಿ ಹತ್ತು ನಿಮಿಷ ಸಾಕು. ಇಪ್ಪತ್ತಾರು ವರ್ಷ ನಮ್ಮ ಹಿತ್ತಲಿನ ಬಸಳೆ ತಿಂದವಳು ಆ ಹಿತ್ತಲನ್ನು ನೋಡಿದವಳಲ್ಲ.

ಹೊರಗಿನವರ ಎದುರು ಅವಳು ಉರ್ದು ಆಡುವುದಿಲ್ಲ. ಬಂದ ಹೊಸದರಲ್ಲಿ ಅಂಗಡಿಯೊಂದರಲ್ಲಿ ನಾಲ್ಕು ಮಾತಾಡಿದ್ದಕ್ಕೆ, "ಇದು ಆ ಕಡೆ ಉರ್ದು" ಎಂದು ಯಾರೋ ತಿರುಗಿ ನೋಡಿದರಂತೆ. ಅಂದಿನಿಂದ ನವಾಯತಿ ಮಾತ್ರ. ಕನ್ನಡದಲ್ಲಿ ತರಕಾರಿಗಳ ಹೆಸರು ಬಿಟ್ಟರೆ ಅವಳಿಗೆ ಏನೂ ಬಾರದು. ಅವಳು ನನ್ನೊಡನೆ ಆಡಿದ್ದೆಲ್ಲ ನವಾಯತಿಯಲ್ಲೇ, ನಾನದನ್ನು ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಅವಳಿಗೆ ಒಬ್ಬಳೇ ಮಗಳು, ಹಫ್ಸಾ. ಕುಮಟಾಕ್ಕೆ ಕೊಟ್ಟಿದ್ದಾರೆ, ಅಳಿಯ ಗಲ್ಫಿನಲ್ಲಿ. ಮೊದಲನೆಯ ಬಸಿರು ಏಳನೇ ತಿಂಗಳಲ್ಲಿ ಹೋಯಿತು. ಎರಡನೆಯದು ನಿಂತಾಗ ಡಾಕ್ಟರು, ಹಾಸಿಗೆ ಬಿಟ್ಟು ಏಳಬಾರದು ಎಂದರು. ಎಂಟಕ್ಕೆ ಬಿದ್ದ ಕೂಡಲೇ ಕುಮಟಾದ ಒಂದು ಖಾಸಗಿ ಆಸ್ಪತ್ರೆಯಲ್ಲೇ ಮಲಗಿಸಿಕೊಂಡರು. ಬಾಣಂತನಕ್ಕೆ ತವರಿಗೆ ಬರಬೇಕಾದ ಹುಡುಗಿ ಬರುವ ಹಾಗಿಲ್ಲ. ಹೋಗಬೇಕಾದ ತಾಯಿ ಹೋಗುವ ಹಾಗಿಲ್ಲ. ಜಕ್ರಿಯಾ ಸಾಹೇಬರು ಅರ್ಜಿ ಕೊಟ್ಟು ಎರಡು ತಿಂಗಳಾಗಿತ್ತು. ಹೋದಾಗಲೆಲ್ಲ ಆಫೀಸಿನವರು, "ಮೇಲಿಂದ ಬರಬೇಕು" ಎನ್ನುತ್ತಿದ್ದರು.

ಆ ಎರಡು ತಿಂಗಳಲ್ಲಿ ತಸ್ನೀಮಮ್ಮ ಇಳಿದುಹೋದಳು. ಮೊದಲೆಲ್ಲ ಮೊಗೆಕಾಯನ್ನು ಬೆರಳಿನಿಂದ ತಟ್ಟಿ, "ಗಣಪಮ್ಮ, ಇದು ನಿನ್ನ ಹಾಗೆ ಮುದಿಯಾಗಿದೆ, ಬೇರೆ ಕೊಡು" ಎನ್ನುತ್ತಿದ್ದವಳು ಈಗ ಕೊಟ್ಟದ್ದನ್ನು ತೆಗೆದುಕೊಂಡು ಒಳಗಿಡುತ್ತಿದ್ದಳು. ಮಲ್ಲಿಗೆ ಬೇಡ ಎಂದಳು. ಒಂದು ದಿನ ನಾನು ಹೋದಾಗ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ, ಇವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆ.

ಅದೇ ಸಮಯಕ್ಕೆ ನನ್ನ ಸೊಸೆ ಸಂಗೀತಾ ಒಬ್ಬಳು ಹುಡುಗಿಯನ್ನು ಮನೆಗೆ ಕರೆತಂದಳು. ಸಂಗೀತಾ ನಮ್ಮಲ್ಲಿ ಆಶಾ ಕಾರ್ಯಕರ್ತೆ. ಹುಡುಗಿಯ ಹೆಸರು ವಂದನಾ, ಘಟ್ಟದ ಮೇಲಿನ ತೋಟದ ಮನೆಯವಳು, ಯೂನಿವರ್ಸಿಟಿಯಲ್ಲಿ ದೊಡ್ಡ ಓದು. ಬೇರೆ ನೆಲದಿಂದ ಬಂದು ಇಲ್ಲಿ ಇರುವವರ ಮನಸ್ಸು ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಹೊನ್ನಾವರದ ಬೋಟುಗಳಲ್ಲಿ ದುಡಿಯುವ ಒಡಿಶಾದವರನ್ನು ಕೇಳಿ ಬಂದಿದ್ದಳು, ನೇಪಾಳದ ಕಾವಲುಗಾರರ ಸಂಸಾರಗಳನ್ನೂ ಕೇಳಿದ್ದಳು.

"ಗಡಿ ಆಚೆಯಿಂದ ಮದುವೆಯಾಗಿ ಬಂದ ಹೆಂಗಸರು ಮಾತ್ರ ಬಾಗಿಲೇ ತೆಗೆಯೂದಿಲ್ಲ ಅಜ್ಜಿ" ಎಂದಳು. "ಅಂಥವರು ನೀವು ಹೋಗೂ ಮನೆಗಳಲ್ಲೇ ಇದ್ದಾರಂತೆ. ನೀವು ಬಂದು ಕೂತ್ರೆ ಸಾಕು. ಹೆಸ್ರು ಬರೆಯೂದಿಲ್ಲ, ಬರೀ ನಂಬರು."

"ನನ್ನ ಅತ್ತೆ ಹತ್ರ ಯಾವ ಮನೆ ಸುದ್ದಿಯೂ ಸಿಗೂದಿಲ್ಲ ಮೇಡಂ" ಎಂದು ಸಂಗೀತಾ ನಕ್ಕಳು. "ನಾ ಸೊಸೆಯಾಗಿ ಬಂದು ಹದಿನೆಂಟು ವರ್ಷ ಆತು, ನಮ್ಮ ಮನೆ ಸುದ್ದಿಯೇ ನಂಗೆ ಹೇಳಿದ್ದಿಲ್ಲ."

"ನೀ ಸುಮ್ನಿರೇ. ನಿನ್ನ ಹತ್ರ ಹೇಳೂದೂ ಒಂದೇ, ಮೈಕು ಕಟ್ಟೂದೂ ಒಂದೇ" ಎಂದೆ.

ಹುಡುಗಿಯ ಫೋನು ರಿಂಗಾಯಿತು. ಅಪ್ಪನಿರಬೇಕು. "ಊಟ ಆತು ಅಪ್ಪಾ. ಇಲ್ಲೆ, ಒಬ್ಬಳೇ ಅಲ್ಲ. ಸಂಜೆ ಬಸ್ಸಿಗೆ ಬತ್ತೆ" ಎಂದಳು. ಅಪ್ಪನ ಮುಂದೆ ಧ್ವನಿ ಇಷ್ಟು ಸಣ್ಣದಾಗುವ ಹುಡುಗಿಯಿಂದ ಯಾರಿಗೂ ಕೆಡುಕಾಗದು ಎಂದುಕೊಂಡೆ. ತಸ್ನೀಮಮ್ಮನನ್ನು ಕೇಳಿದೆ. ಅವಳು ಬೇಡವೆಂದಳು. ಎರಡು ದಿನ ಬಿಟ್ಟು, ಸೊಪ್ಪು ತೆಗೆದುಕೊಳ್ಳುವಾಗ ಅವಳೇ, "ನೀನು ಪಕ್ಕದಲ್ಲಿ ಇರುತ್ತೀಯಾ? ಹಾಗಾದರೆ ಬರಲಿ" ಎಂದಳು.

ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋದ ಹೊತ್ತು ಹೋದೆವು. ವಂದನಾಳ ಕೈಯಲ್ಲಿ ಸ್ಲೇಟಿನಂಥ ಫೋನು. ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ದಿನಾಲೂ. ಕಳೆದ ಎರಡು ವಾರದ್ದು ಮಾತ್ರ ಹೇಳಬೇಕು. ವಂದನಾ ಕನ್ನಡದಲ್ಲಿ ಕೇಳುವುದು, ನಾನು ನವಾಯತಿಯಲ್ಲಿ ಹೇಳುವುದು, ತಸ್ನೀಮಮ್ಮ ಹೇಳಿದ್ದನ್ನು ನಾನು ಕನ್ನಡಕ್ಕೆ ತರುವುದು.

"ಯಾವ ಕೆಲಸ ಮಾಡೂದಕ್ಕೂ ಮನಸ್ಸಿಲ್ಲ ಅಂತ ಅನ್ನಿಸ್ತದಾ?"

ತಸ್ನೀಮಮ್ಮ ಸ್ವಲ್ಪ ಹೊತ್ತು ಕೈ ನೋಡಿಕೊಂಡಳು. ಆಮೇಲೆ ಹೇಳಿದಳು. ಅಷ್ಟು ಹೇಳುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಅಕ್ಕಿ ತೊಳೆಯಲು ನೀರು ಹಾಕಿ ಅಲ್ಲೇ ಬಿಟ್ಟು ಬರುತ್ತೇನೆ, ನೀರಿನೊಳಗೆ ಕೈ ಹಾಕಲು ಭಯ, ಕೈ ನನ್ನದಲ್ಲ ಎಂಬ ಹಾಗೆ, ಎಂದಳು. ದಿನಾಲೂ ಎಂದಳು.

ನಾನು ವಂದನಾಳ ಮುಖ ನೋಡಿದೆ. ಒಳ್ಳೆಯ ಹುಡುಗಿ, ಆದರೆ ಹೊರಗಿನವಳು. ಕೈಯಲ್ಲಿ ಬರೆಯುವ ಯಂತ್ರ. ಈ ಮನೆಯಲ್ಲಿ ಬರೆಸಿದ ಕಾಗದವೆಲ್ಲ ಕೊನೆಗೆ ಯಾವುದೋ ಆಫೀಸಿನ ಕಪಾಟಿಗೆ ಹೋಗಿ ಕೂತಿದೆ. ಅಡಿಗೆಮನೆಯ ಸಂಕಟವನ್ನು ಹೀಗೆ ತೆಗೆದು ಅಂಗಳಕ್ಕೆ ಹರಡುವುದೇ? ನನ್ನ ಬಾಯಿ ತಾನಾಗಿ ಹೇಳಿತು.

"ಒಂದೊಂದು ದಿನ ಬೇಜಾರು ಬತ್ತದಂತೆ. ಎಲ್ಲರಿಗೂ ಇದ್ದದ್ದೇ ಅಲ್ವಾ."

"ಕೆಲವು ದಿನ" ಎಂದು ವಂದನಾ ಒತ್ತಿದಳು.

ನಿದ್ದೆಯ ಪ್ರಶ್ನೆ ಬಂತು. ನಿದ್ದೆಯೇ ಇಲ್ಲ, ಕಣ್ಣು ಮುಚ್ಚಿದರೆ ಹಫ್ಸಾ ಸೇತುವೆಯ ಆಚೆ ನಿಂತು ಕರೆಯುತ್ತಾಳೆ, ನನ್ನ ಕಾಲು ಏಳುವುದಿಲ್ಲ, ಎಂದಳು ತಸ್ನೀಮಮ್ಮ. "ನಿದ್ದೆ ಪರವಾಗಿಲ್ಲ" ಎಂದೆ ನಾನು. ಊಟದ್ದು ಕೇಳಿದ್ದಕ್ಕೆ, ಅನ್ನ ಗಂಟಲಲ್ಲಿ ನಿಲ್ಲುತ್ತದೆ ಎಂದಳು. "ಊಟ ಮಾಡ್ತಾರೆ" ಎಂದೆ. ನೀವು ನಿಮ್ಮವರಿಗೆ ಕೆಟ್ಟವರಾದಿರಿ ಅನ್ನಿಸುತ್ತದಾ ಎಂಬ ಪ್ರಶ್ನೆಗೆ ಅವಳು ನನ್ನ ಮಂಡಿ ಹಿಡಿದುಕೊಂಡು, ತಾಯಿ ಎಂದು ಹೆಸರಿಟ್ಟುಕೊಂಡು ಇಲ್ಲಿ ಕೂತಿದ್ದೇನಲ್ಲ ಗಣಪಮ್ಮ, ಎಂದಳು. "ಹಾಗೆಲ್ಲ ಇಲ್ಲ" ಎಂದೆ.

ಒಂಬತ್ತನೆಯದನ್ನು ಕೇಳುವಾಗ ವಂದನಾ ಸ್ವಲ್ಪ ತಡೆದಳು. "ಇದು ಎಲ್ಲರನ್ನೂ ಕೇಳೂದು ಅಜ್ಜಿ, ಬೇಜಾರು ಮಾಡ್ಕೋಬೇಡಿ. ಬದುಕಿರೂದಕ್ಕಿಂತ ಇಲ್ಲದಿರೂದೇ ವಾಸಿ ಅಂತ ಯಾವಾಗಾದ್ರೂ ಅನ್ನಿಸಿದ್ದು ಇದ್ಯಾ, ಕೇಳಿ."

ಕೇಳಿದೆ. ತಸ್ನೀಮಮ್ಮ ಅಳಲಿಲ್ಲ. "ಬೆಳಿಗ್ಗೆ ಎಚ್ಚರವಾದ ಕೂಡಲೇ, ಇವತ್ತೂ ಎಚ್ಚರವಾಯಿತಲ್ಲ ಅಂತ ಬೇಸರವಾಗುತ್ತದೆ" ಎಂದಳು. "ಇದನ್ನು ಯಾರಿಗೂ ಹೇಳಿಲ್ಲ. ಆ ಹುಡುಗಿಗೆ ಹೇಳು."

"ಇಲ್ಲ ಅಂತೆ" ಎಂದೆ.

ಹೊರಡುವಾಗ ವಂದನಾ, "ಅವ್ರು ಭಾಳ ಗಟ್ಟಿ ಇದ್ದಾರೆ ಅಜ್ಜಿ. ಇಪ್ಪತ್ತೇಳಕ್ಕೆ ಎರಡೇ ಅಂಕ ಬಂತು" ಎಂದಳು. ನನಗೆ ಹೆಮ್ಮೆಯಾಯಿತು. ಮನೆಯ ಮಾನ ಉಳಿಸಿದೆ ಎಂದುಕೊಂಡೆ. ಮರುದಿನ ಹೋದಾಗ ತಸ್ನೀಮಮ್ಮ ಬಾಗಿಲಲ್ಲೇ ನಿಂತಿದ್ದಳು. "ರಾತ್ರಿ ಎರಡು ತಾಸು ನಿದ್ದೆ ಬಂತು. ಯಾರೋ ಬರೆದುಕೊಂಡರಲ್ಲ, ಅಷ್ಟೇ ಸಾಕು" ಎಂದಳು. ಆಗಲೂ ನನಗೆ ಚುಚ್ಚಲಿಲ್ಲ. ಹಗುರಾದಳಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ಹೆಡಿಗೆ ಇಳಿಸಿದೆ.

ಎಂಟು ದಿನ ಕಳೆದು ವಂದನಾ ಮತ್ತೆ ನಮ್ಮ ಮನೆಗೆ ಬಂದಳು. ಜಗಲಿಯಲ್ಲಿ ಕುಳಿತು ಚಾ ಕುಡಿಯುತ್ತ ಸಂಗೀತಾಳಿಗೆ ಹೇಳುತ್ತಿದ್ದಳು. "ಗಡಿ ಆಚೆಯಿಂದ ಬಂದ ಇನ್ನೊಬ್ಬರಿಗೆ ಹದಿನಾರು ಬಂತು. ಹತ್ತು ದಾಟಿದ್ರೆ ನಮ್ಮ ಮನಸ್ಸಿನ ಡಾಕ್ಟ್ರಿಗೆ ತೋರಿಸ್ಲೇಬೇಕು ಅಂತ ನಿಯಮ. ಅವ್ರು ಕೂರೂದು ಕುಮಟಾದಲ್ಲಿ. ಡಾಕ್ಟ್ರು ಚೀಟಿ ಬರೆದು ಕೊಟ್ರು, ಚಿಕಿತ್ಸೆಗೆ ಹೋಗ್ಬೇಕು ಅಂತ. ನಾಲ್ಕೇ ದಿನಕ್ಕೆ ಆ ಹೆಂಗಸಿಗೆ ಅಪ್ಪಣೆ ಬಂತು, ಗೊತ್ತುಂಟಾ?"

ನಾನು ಬಸಳೆ ಕಟ್ಟುತ್ತಿದ್ದೆ. ಕೈ ನಿಂತಿತು. "ಕುಮಟಾದಲ್ಲಿ ಎಲ್ಲಿ?"

ಅವಳು ಆಸ್ಪತ್ರೆಯ ಹೆಸರು ಹೇಳಿದಳು. ಹಫ್ಸಾ ಮಲಗಿದ್ದು ಅದೇ ಆಸ್ಪತ್ರೆಯಲ್ಲಿ.

"ಇದನ್ನ ನೀ ಮೊದ್ಲೇ ಯಾಕೆ ಹೇಳ್ಲಿಲ್ಲ ಮಗಾ?"

"ಮೊದ್ಲೇ ಹೇಳೂ ಹಾಗಿಲ್ಲ ಅಜ್ಜಿ. ಹೇಳಿದ್ರೆ ಜನ ಚೀಟಿಗಾಗಿ ಉತ್ತರ ಕೊಡ್ತಾರೆ. ಯಾಕೆ?"

ಅವಳಿಗೂ ಅವಳ ಕಸುಬಿನ ಕಟ್ಟಳೆ. ನನಗೂ ನನ್ನದು. ನಮ್ಮಿಬ್ಬರ ನಡುವೆ ಆ ಹೆಂಗಸು ಸಿಕ್ಕಿಕೊಂಡಳು. ನಾನು ಎಲ್ಲ ಹೇಳಿದೆ. ಅಕ್ಕಿಯ ನೀರು, ಸೇತುವೆ, ಗಂಟಲಿನ ಅನ್ನ. ಸಂಗೀತಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ವಂದನಾ ಸಿಟ್ಟು ಮಾಡಲಿಲ್ಲ, ಅವಳ ಮುಖ ಮಾತ್ರ ಬಿಳಿಚಿಕೊಂಡಿತು.

"ನಾನು ನಿಮ್ಮನ್ನ ಕೇಳಿದ್ದಲ್ಲ ಅಜ್ಜಿ. ಅವ್ರನ್ನ ಕೇಳಿದ್ದು" ಎಂದಳು. ಆಮೇಲೆ, "ಒಂಬತ್ತನೇದಕ್ಕೆ ಅವ್ರು ಎಂತ ಹೇಳಿದ್ರು?"

ಅದನ್ನೂ ಹೇಳಿದೆ. ಹುಡುಗಿ ಚಾ ಲೋಟ ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ಡಾಕ್ಟರಿಗೆ ಫೋನು ಹಚ್ಚಿದಳು. ಬಹಳ ಹೊತ್ತು ಮಾತಾಡಿ ಬಂದು, ನಾಳೆ ಡಾಕ್ಟರೇ ವಿಡಿಯೋದಲ್ಲಿ ಮಾತಾಡುತ್ತಾರೆ, ಈ ಸಲ ನಡುವೆ ಯಾರೂ ಬೇಡ, ಡಾಕ್ಟರಿಗೆ ಉರ್ದು ಬರುತ್ತದೆ, ತಸ್ನೀಮಮ್ಮ ಅದರಲ್ಲೇ ಹೇಳಬೇಕು, ಇವತ್ತು ಅವರನ್ನು ಒಬ್ಬರೇ ಬಿಡಬಾರದು, ಎಂದಳು.

ಆ ಸಂಜೆ ಹೆಡಿಗೆ ಇಲ್ಲದೆ ಆ ಮನೆಗೆ ಹೋದೆ. ತಸ್ನೀಮಮ್ಮ ನನ್ನ ಬರಿಗೈ ನೋಡಿ, "ಹಫ್ಸಾಳಿಗೆ ಏನಾಯಿತು?" ಎಂದಳು. ಏನಿಲ್ಲ ಎಂದು ಕೂರಿಸಿ, ನಾನು ಏನು ಮಾಡಿದೆ ಎಂದು ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಒಂಬತ್ತಕ್ಕೂ ಹಾಗೇ ಹೇಳಿದೆಯಾ?"

"ಹೌದು."

"ನಾನು ಅಷ್ಟುದ್ದ ಹೇಳುತ್ತಿದ್ದೆ, ನೀನು ಎರಡೇ ಮಾತಲ್ಲಿ ಮುಗಿಸುತ್ತಿದ್ದೆ. ಕನ್ನಡ ಚಿಕ್ಕ ಭಾಷೆ ಇರಬೇಕು ಎಂದುಕೊಂಡೆ" ಎಂದಳು. ನಗಲು ಹೋದಳು, ನಗು ಬರಲಿಲ್ಲ. "ಎಂಟು ದಿನ, ನನ್ನನ್ನು ಯಾರೋ ಕೇಳಿದ್ದಾರೆ ಎಂದುಕೊಂಡು ಬದುಕಿದೆ ಗಣಪಮ್ಮ."

ಅವಳ ಗಂಡ ಬರುವವರೆಗೂ ಪಕ್ಕದಲ್ಲೇ ಕುಳಿತೆ.

ಜಕ್ರಿಯಾ ಸಾಹೇಬರಿಗೆ ವಿಷಯ ಹೇಳಿದಾಗ ಅವರು ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಗಣಪಮ್ಮ, ಮನಸ್ಸು ಸರಿ ಇಲ್ಲ ಅಂತ ಡಾಕ್ಟ್ರು ಬರೆದ್ರೆ, ಆ ಕಾಗದ ಇವಳ ಫೈಲಿಗೆ ಹೋಗ್ತದೆ. ಮಾರ್ಚ್ ತಿಂಗಳಲ್ಲಿ ಇರಲಿಕ್ಕೆ ಅಪ್ಪಣೆ ಮತ್ತೆ ಕೇಳ್ಬೇಕು. ಆಗ ಯಾರಾದ್ರೂ ಅದನ್ನೇ ಹಿಡಿದು, ಇವಳು ಬೇಡ ಅಂದ್ರೆ? ಎಲ್ಲಿಗೆ ಕಳಿಸ್ತಾರೆ? ಅಲ್ಲಿ ಇವಳಿಗೆ ಈಗ ಯಾರಿದ್ದಾರೆ?" ಎಂದರು.

ಮರುದಿನ ಸಾಹೇಬರು ಡಾಕ್ಟರನ್ನೂ ಇದನ್ನೇ ಕೇಳಿದರು. ವಿಡಿಯೋದಲ್ಲಿ ಡಾಕ್ಟರು ಕನ್ನಡಕ ಮೇಲೇರಿಸಿ, "ಹುಚ್ಚು ಅಂತ ಯಾರೂ ಬರೆಯೂದಿಲ್ಲ ಸಾಹೇಬ್ರೇ. ನಿದ್ದೆ ಇಲ್ಲ, ಮನಸ್ಸಿಗೆ ಆಯಾಸ, ಮದ್ದು ಬೇಕು, ಇಷ್ಟೇ. ಅದನ್ನ ಆಮೇಲೆ ಯಾರು ಹೇಗೆ ಓದ್ತಾರೆ ಅಂತ ನಾನು ಮಾತು ಕೊಡ್ಲಿಕ್ಕೆ ಆಗೂದಿಲ್ಲ" ಎಂದರು. ಸುಳ್ಳು ಹೇಳದ ಮನುಷ್ಯ. ಆದರೆ ಅದರಿಂದ ದಾರಿ ಇನ್ನಷ್ಟು ಇಕ್ಕಟ್ಟಾಯಿತು. ಬರೆಸಿದರೆ ಕುಮಟಾದ ಬಾಗಿಲು ತೆರೆದೀತು, ಭಟ್ಕಳದ್ದು ಮುಚ್ಚೀತು. ಬರೆಸದಿದ್ದರೆ ಎರಡೂ ಇದ್ದ ಹಾಗೇ.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಜಕ್ರಿಯಾ ಸಾಹೇಬರು ಹೆಂಡತಿಯ ಕಡೆ ನೋಡಿ ತಲೆಯಾಡಿಸಿದರು, ಬೇಡ ಎಂಬಂತೆ. ತಸ್ನೀಮಮ್ಮ ಓಢಣಿಯನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಆಮೇಲೆ ಬಾಯಿ ತೆರೆದು ಉರ್ದುವಿನಲ್ಲಿ ಮಾತಾಡಿದಳು. ಇಪ್ಪತ್ತಾರು ವರ್ಷದಲ್ಲಿ ಅವಳ ಉರ್ದುವನ್ನು ನಾನು ಕೇಳಿದ್ದು ಅದೇ ಮೊದಲು. ಅವಳ ಧ್ವನಿಯೇ ಬೇರೆ, ದೊಡ್ಡದು, ಅಂಚು ಇದ್ದದ್ದು. ನನಗೆ ಅರ್ಧ ಅರ್ಥವಾಯಿತು. ಅವಳ ಗಂಡನಿಗೆ ಪೂರ್ತಿ ಅರ್ಥವಾಯಿತು. ಕೊನೆಯ ಪ್ರಶ್ನೆಗೆ ಅವಳು ಉತ್ತರ ಹೇಳುವಾಗ ಅವರು ಎದ್ದು ಹೋಗಿ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಂತರು. ತಿರುಗಿದಾಗ, "ಬರೆಯಿರಿ ಡಾಕ್ಟ್ರೇ" ಎಂದರು.

ಇಪ್ಪತ್ತು ಅಂಕ ಬಂತಂತೆ. ಮದ್ದಿನ ಚೀಟಿ ಫೋನಿಗೇ ಬಂತು, ಮಾತ್ರೆ ಅಂದೇ ಶುರುವಾಯಿತು. ಎರಡು ದಿನಕ್ಕೊಮ್ಮೆ ವಂದನಾ ಫೋನು ಮಾಡುತ್ತಿದ್ದಳು, ನಾನು ದಿನಾ ಹೋಗಿ ಕೂರುತ್ತಿದ್ದೆ. ಅಪ್ಪಣೆ ಬಂದದ್ದು ಆರನೆಯ ದಿನ. ಒಂದೇ ದಿನಕ್ಕೆ, ಕುಮಟಾದ ಆ ಆಸ್ಪತ್ರೆಗೆ ಮಾತ್ರ, ಸಂಜೆ ಆರರೊಳಗೆ ಭಟ್ಕಳಕ್ಕೆ ಮರಳಿ ಆಫೀಸಿನಲ್ಲಿ ಸಹಿ ಹಾಕಬೇಕು.

ಕಾರು ಮಾಡಿಕೊಂಡು ಹೋದೆವು, ಅವರಿಬ್ಬರು ಮತ್ತು ನಾನು. ನನ್ನನ್ನು ಕರೆದದ್ದು ತಸ್ನೀಮಮ್ಮನೇ. ಸೇತುವೆ ದಾಟುವಾಗ ಅವಳು ಹೊಳೆಯನ್ನು ನೋಡುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ತೊಡೆಯ ಮೇಲಿನ ಕಾಗದವನ್ನೇ ನೋಡುತ್ತಿದ್ದಳು, ಗಾಳಿಗೆ ಹಾರಿಹೋಗದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಹೊನ್ನಾವರದಲ್ಲಿ ಶರಾವತಿ ಬಂದಾಗ, "ಇದು ಸಮುದ್ರವಾ?" ಎಂದು ಒಂದು ಸಲ ಕೇಳಿದಳು. ಹೊಳೆ ಎಂದೆ. ಮತ್ತೆ ಕಾಗದದ ಕಡೆ ನೋಡಿದಳು.

ಡಾಕ್ಟರು ಒಂದು ತಾಸು ಮಾತಾಡಿದರು. ಆಮೇಲೆ ಮೇಲಿನ ಮಹಡಿಗೆ ಹೋದೆವು. ಹಫ್ಸಾ ಎಡಕ್ಕೆ ತಿರುಗಿ ಮಲಗಿದ್ದಳು, ಬೀಗಿತ್ತಿ ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದರು. ಹುಡುಗಿ ತಾಯಿಯನ್ನು ನೋಡಿ ಏಳಲು ಹೋದಳು. "ಏಳಬೇಡ, ಏಳಬೇಡ" ಎಂದು ತಾಯಿ ಓಡಿದಳು. ಮಗಳ ಕೂದಲು ಗಂಟು ಕಟ್ಟಿತ್ತು. ತಾಯಿ ಒಂದೊಂದೇ ಎಳೆ ಬಿಡಿಸುತ್ತ ಕುಳಿತಳು.

ಎರಡು ಗಂಟೆಯ ಹೊತ್ತಿಗೆ ಹಫ್ಸಾಳಿಗೆ ಸೊಂಟ ನೋವು ಎಂದಾಯಿತು. ಹೆರಿಗೆ ಡಾಕ್ಟರು ಬಂದು ನೋಡಿ, "ಇದು ಶುರುವಾದ ಹಾಗೇ. ಹದಿನೈದು ದಿನ ಮೊದ್ಲೇ, ಆದ್ರೆ ಹೆದ್ರಿಕೆ ಇಲ್ಲ. ನಾಳೆ ಬೆಳಿಗ್ಗೆ ಹೊತ್ತಿಗೆ ಆಗ್ಬಹುದು" ಎಂದರು.

ಜಕ್ರಿಯಾ ಸಾಹೇಬರು ಫೋನು ಹಿಡಿದು ಹೊರಗೆ ಹೋದರು. ಒಂದೇ ದಿನ, ಇನ್ನು ಒಂದೇ ದಿನ ಎಂದು ಅವರು ಹೇಳುತ್ತಿದ್ದುದು ಬಾಗಿಲಿನಾಚೆಯಿಂದ ಕೇಳುತ್ತಿತ್ತು. ಕೆಳಗಿನ ಮಹಡಿಯ ಮನಸ್ಸಿನ ಡಾಕ್ಟರೂ ತಮ್ಮ ಕಡೆಯಿಂದ ಒಂದು ಮಾತು ಹೇಳಿ ನೋಡಿದರು. ಹೊಸ ಅರ್ಜಿ ಕೊಡಿ, ನೋಡುವ, ಎಂದರಂತೆ ಆಫೀಸಿನವರು. ಆಗ ಮೂರೂ ಕಾಲು. ಮೂರೂವರೆಗೆ ಹೊರಡದಿದ್ದರೆ ಆರಕ್ಕೆ ಮುಟ್ಟುವುದು ಕಷ್ಟ. ಹೆದ್ದಾರಿಯಲ್ಲಿ ಕೆಲಸ ನಡೆಯುತ್ತಿತ್ತು.

"ಉಳ್ಕೊಂಡುಬಿಡಿ" ಎಂದೆ ನಾನು. "ತಾಯಿ ಅಂತ ಗೊತ್ತಾದ್ರೆ ಯಾರು ಎಂತ ಮಾಡ್ತಾರೆ?"

ತಸ್ನೀಮಮ್ಮ ನನ್ನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಸಿಟ್ಟಲ್ಲ. ಹೊಳೆಯ ಆಚೆ ದಡದಲ್ಲಿ ನಿಂತವರನ್ನು ನೋಡುವ ಹಾಗೆ ನೋಡಿದಳು. "ಇವತ್ತು ಉಳಿದರೆ ಇವತ್ತು ನೋಡುತ್ತೇನೆ. ಮಾರ್ಚಿನಲ್ಲಿ ಅವರು ಬೇಡ ಎಂದರೆ ಆ ಮಗುವನ್ನು ಮತ್ತೆ ಯಾವಾಗ ನೋಡಲಿ?" ಎಂದಳು.

ಹಫ್ಸಾ ತಾಯಿಯ ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಅದನ್ನು ಬಿಡಿಸಿಕೊಳ್ಳಬೇಕಾಯಿತು. ಬಾಗಿಲ ಹತ್ತಿರ ಬಂದು ತಸ್ನೀಮಮ್ಮ ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು.

"ನೀನು ಇರು. ಮನೆಯ ಇನ್ನೊಂದು ಫೋನಿನಿಂದ ನಾನು ಮಾಡುತ್ತೇನೆ. ಬೀಗಿತ್ತಿ ನನಗೆ ನೋವಾಗಬಾರದು ಎಂದು ಅರ್ಧ ಮುಚ್ಚಿಡುತ್ತಾರೆ. ನೀನು ಮುಚ್ಚಿಡಬೇಡ. ಏನಾಗುತ್ತದೋ ಅದನ್ನೇ ಹೇಳು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಹೇಳು."

"ಹೇಳ್ತೇನೆ" ಎಂದೆ.

ಕಾರು ಗೇಟು ದಾಟಿ ಎಡಕ್ಕೆ ತಿರುಗುವುದನ್ನು ಮೇಲಿನಿಂದ ನೋಡಿದೆ. ಆರಕ್ಕೆ ಹತ್ತು ನಿಮಿಷ ಇರುವಾಗ ಸಹಿಯಾಯಿತು ಎಂದು ಫೋನು ಬಂತು.

ಬೆಳಿಗ್ಗೆ ಏಳಕ್ಕೆ ಹಫ್ಸಾಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಬಾಗಿಲ ಹೊರಗೆ ನಿಂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ. ಆ ಕಡೆಯಿಂದ ತಸ್ನೀಮಮ್ಮನ ಉಸಿರು ಕೇಳುತ್ತದೆ. ನಾನು ಹೇಳುತ್ತಾ ಹೋದೆ. ಈಗ ಬಾಗಿಲು ಹಾಕಿದರು. ಈಗ ಒಬ್ಬಳು ನರ್ಸು ಓಡಿದಳು, ಯಾಕೋ ಗೊತ್ತಿಲ್ಲ. ಈಗ ಕೂಗುತ್ತಿದ್ದಾಳೆ. ಜೋರಾಗಿ ಕೂಗುತ್ತಿದ್ದಾಳೆ. ಈಗ ಕೂಗು ನಿಂತಿತು. ಹೆದರಿಕೆಯಾಗುತ್ತಿದೆ ತಸ್ನೀಮಮ್ಮ, ನನಗೂ ಹೆದರಿಕೆಯಾಗುತ್ತಿದೆ. ಡಾಕ್ಟರ ಧ್ವನಿ ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ.

ಎಂಟಕ್ಕೆ ಐದು ನಿಮಿಷವಿರುವಾಗ ಒಳಗಿನಿಂದ ಮಗುವಿನ ಅಳು ಬಂತು. ನಾನು ಫೋನನ್ನು ಬಾಗಿಲಿನ ಸಂದಿಗೆ ಹಿಡಿದೆ. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಳು. ಹೆಣ್ಣು.

"ಹೆಣ್ಣು. ಎರಡೂವರೆ ಕಿಲೋಗೆ ಸ್ವಲ್ಪ ಕಮ್ಮಿಯಂತೆ. ಮೈ ಕೆಂಪು, ತಲೆ ತುಂಬ ಕೂದಲು. ಮೂಗು ಸಾಹೇಬರದ್ದು, ಚಪ್ಪಟೆ. ಎಡಗಣ್ಣು ಊದಿದೆ, ನಾಳೆ ಇಳಿಯುತ್ತದೆ ಎಂದರು" ಎಂದೆ.

ಆ ಕಡೆಯಿಂದ ಧ್ವನಿ ಬಂತು. "ನನ್ನ ಮಗಳು?"

ಬಾಗಿಲು ಅರ್ಧ ತೆರೆದಿತ್ತು. ಹಫ್ಸಾಳ ಮುಖ ನನಗೆ ಕಾಣುತ್ತಿತ್ತು. ಬೆವರಿನಲ್ಲಿ ಕೂದಲು ಹಣೆಗೆ ಅಂಟಿತ್ತು. ನರ್ಸು ಏನೋ ಸಮಾಧಾನ ಹೇಳುತ್ತಿದ್ದಳು, ಅವಳು ಕೇಳುತ್ತಿರಲಿಲ್ಲ.

"ಜೀವಕ್ಕೆ ಏನೂ ತೊಂದರೆ ಇಲ್ಲ ಅಂತ ಡಾಕ್ಟರು ಹೇಳಿದರು" ಎಂದೆ. ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. "ಅಳುತ್ತಿದ್ದಾಳೆ ತಸ್ನೀಮಮ್ಮ. ಮಗುವನ್ನು ಎದೆಯ ಮೇಲೆ ಇಟ್ಟರೂ ನೋಡುತ್ತಿಲ್ಲ. ನಿಮ್ಮನ್ನೇ ಕೇಳುತ್ತಿದ್ದಾಳೆ."

ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ, ಅದರೊಳಗಿನ ಗಡಿಯಾರ ಓಡುತ್ತಲೇ ಇತ್ತು. ಮತ್ತೆ ಕಿವಿಗೆ ಇಟ್ಟುಕೊಂಡು, ಕಂಡದ್ದನ್ನು ಹೇಳುತ್ತಾ ಅಲ್ಲೇ ನಿಂತೆ.